ಹೊಸ ರೂಪ ಪಡೆದ ಸ್ಪೋರ್ಟ್ಸ್ ಕಾರಿನ ಮಾರಾಟ ಇಳಿಯುವುದೇಕೆ? ಬಂಕಿ ಕ್ನೂಡ್ಸನ್ ಮತ್ತು ಮಸ್ಟ್ಯಾಂಗ್ ಕಥೆ

ಜನ ಮೆಚ್ಚಿದ ಕಾರೊಂದು ಹೊಸ ರೂಪದಲ್ಲಿ ಬರುತ್ತದೆ. ಒಂದೆರಡು ವರ್ಷದಲ್ಲಿ ಅದರ ಮಾರಾಟ ಇಳಿಯುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಚೆನ್ನಾಗಿದ್ದ ಕಾರನ್ನು ಕೆಡಿಸಿಬಿಟ್ಟರು. ಕೆಡಿಸಿದವರು ಯಾರು ಎಂದು ಹುಡುಕಿ, ತಪ್ಪನ್ನು ಒಬ್ಬರ ತಲೆಗೆ ಕಟ್ಟುವ ಕೆಲಸವೂ ಬೇಗನೆ ನಡೆದುಹೋಗುತ್ತದೆ.

ಅಮೆರಿಕದ ಫೋರ್ಡ್ ಮಸ್ಟ್ಯಾಂಗ್ ಕಾರಿನ ವಿಷಯದಲ್ಲಿ ಹೀಗೆ ಹೆಸರು ಕೆಡಿಸಿಕೊಂಡವರು ಸೀಮನ್ ಎಮಿಲ್ ಕ್ನೂಡ್ಸನ್. ಎಲ್ಲರೂ ಅವರನ್ನು ಬಂಕಿ ಎಂದೇ ಕರೆಯುತ್ತಿದ್ದರು. 1968ರಲ್ಲಿ ಅವರು ಜನರಲ್ ಮೋಟಾರ್ಸ್ ಬಿಟ್ಟು ಫೋರ್ಡ್ ಅಧ್ಯಕ್ಷರಾದಾಗ ಅದು ಅಮೆರಿಕದಾದ್ಯಂತ ದೊಡ್ಡ ಸುದ್ದಿಯಾಗಿತ್ತು. ಇವತ್ತು ಅವರ ಹೆಸರು ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಚುರುಕಾದ, ಪುಟ್ಟ ಮಸ್ಟ್ಯಾಂಗನ್ನು ದಪ್ಪ ಮಾಡಿ ಅದರ ಮಾರಾಟವನ್ನು ಮುಳುಗಿಸಿದವರು ಎಂದು. ಇದು ಎಷ್ಟು ನಿಜ? ಅವರ ಬದುಕನ್ನೂ ಆ ವರ್ಷಗಳ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಬಿಡಿಭಾಗಗಳಾಗಿ ಸಿಕ್ಕ ಉಡುಗೊರೆ

ಬಂಕಿ ಹುಟ್ಟಿದ್ದು 1912ರ ಅಕ್ಟೋಬರ್ 2ರಂದು, ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ. ತಂದೆ ವಿಲಿಯಂ ಕ್ನೂಡ್ಸನ್ 1900ರಲ್ಲಿ ಡೆನ್ಮಾರ್ಕಿನಿಂದ ವಲಸೆ ಬಂದವರು. ಹೆನ್ರಿ ಫೋರ್ಡ್ ಕಂಪನಿ ಸೇರಿ, ಮಾಡೆಲ್ ಟಿ ಕಾರುಗಳನ್ನು ಜೋಡಿಸುವ ಕಾರ್ಖಾನೆಗಳನ್ನು ಊರೂರಿನಲ್ಲಿ ಕಟ್ಟಿದರು. ಆದರೆ ಹೆನ್ರಿ ಫೋರ್ಡ್ ಜೊತೆ ಹೊಂದಿಕೆಯಾಗದೆ 1921ರಲ್ಲಿ ಹೊರಬಂದರು. ಮರುವರ್ಷ ಜನರಲ್ ಮೋಟಾರ್ಸ್ ಸೇರಿ, ಅದರ ಷೆವರ್ಲೆ ವಿಭಾಗದ ಮುಖ್ಯಸ್ಥರಾಗಿ, ಕೊನೆಗೆ 1937ರಲ್ಲಿ ಇಡೀ ಕಂಪನಿಯ ಅಧ್ಯಕ್ಷರಾದರು.

ಮಗನಿಗೆ ಹದಿನಾಲ್ಕು ವರ್ಷವಾದಾಗ ತಂದೆ ಒಂದು ಷೆವರ್ಲೆ ಕಾರನ್ನು ಉಡುಗೊರೆ ಕೊಟ್ಟರಂತೆ. ಆದರೆ ಕಾರು ಬಂದದ್ದು ಬಿಡಿಭಾಗಗಳ ರಾಶಿಯಾಗಿ. ಓಡಿಸಬೇಕಾದರೆ ತಾನೇ ಜೋಡಿಸಿಕೊಳ್ಳಬೇಕಿತ್ತು. ಹುಡುಗ ಜೋಡಿಸಿದ, ಓಡಿಸಿದ. ಮುಂದೆ 1936ರಲ್ಲಿ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಿಂದ ಎಂಜಿನಿಯರಿಂಗ್ ಪದವಿ ಪಡೆದು, 1939ರಲ್ಲಿ ಜನರಲ್ ಮೋಟಾರ್ಸಿನ ಪಾಂಟಿಯಾಕ್ ವಿಭಾಗವನ್ನು ಸೇರಿದರು.

ಹೊಸ ರೂಪವೇ ಗೆಲ್ಲಿಸಿದ ಕಾಲ

1956ರಲ್ಲಿ, 43ನೇ ವಯಸ್ಸಿಗೆ, ಬಂಕಿ ಪಾಂಟಿಯಾಕ್ ವಿಭಾಗದ ಮುಖ್ಯಸ್ಥರಾದರು. ಆಗ ಪಾಂಟಿಯಾಕ್ ಎಂದರೆ ವಯಸ್ಸಾದವರು ಕೊಳ್ಳುವ ಸಪ್ಪೆ ಕಾರು ಎಂಬ ಭಾವನೆ ಇತ್ತು. ಯುವಕರ ಕಾರನ್ನು ಮುದುಕರೂ ಕೊಳ್ಳುತ್ತಾರೆ, ಮುದುಕರ ಕಾರನ್ನು ಯುವಕರು ಮುಟ್ಟುವುದಿಲ್ಲ ಎಂಬುದು ಬಂಕಿಯ ಗಟ್ಟಿ ನಂಬಿಕೆ. ಈ ನಂಬಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಅವರು 1935ರಿಂದ ಪಾಂಟಿಯಾಕ್ ಬಾನೆಟ್ ಮೇಲೆ ಇರುತ್ತಿದ್ದ ಬೆಳ್ಳಿಪಟ್ಟಿಗಳನ್ನು ತೆಗೆಸಿದರು. ಪೀಟ್ ಎಸ್ಟೆಸ್, ಜಾನ್ ಡಿಲೋರಿಯನ್ ಎಂಬ ಎಂಜಿನಿಯರುಗಳನ್ನು ಕರೆತಂದರು. 1959ರ ಮಾದರಿಯಲ್ಲಿ ಎಡಬಲ ಚಕ್ರಗಳ ನಡುವಿನ ಅಂತರವನ್ನು ಹೆಚ್ಚಿಸಿದರು. ಕಾರು ಅಗಲವಾಗಿ, ನೆಲಕ್ಕೆ ಅಂಟಿಕೊಂಡಂತೆ ಕಂಡಿತು, ತಿರುವಿನಲ್ಲಿ ಹೆಚ್ಚು ಸ್ಥಿರವಾಗಿ ಓಡಿತು. ಡೇಟೋನಾ 500 ಓಟದಲ್ಲಿ 1961 ಮತ್ತು 1962ರಲ್ಲಿ ಗೆದ್ದದ್ದು ಪಾಂಟಿಯಾಕ್ ಕಾರುಗಳೇ. ಮಾರಾಟದಲ್ಲಿ ಆರನೇ ಸ್ಥಾನದಲ್ಲಿದ್ದ ವಿಭಾಗ 1960ರ ದಶಕದ ಆರಂಭಕ್ಕೆ ಮೂರನೇ ಸ್ಥಾನಕ್ಕೆ ಏರಿತು.

1961ರ ಕೊನೆಯಲ್ಲಿ ಬಂಕಿ ಷೆವರ್ಲೆ ಮುಖ್ಯಸ್ಥರಾದರು. ಒಂದು ಕಾಲಕ್ಕೆ ತಂದೆ ಕೂತಿದ್ದ ಕುರ್ಚಿ ಅದು. ಅವರ ಅವಧಿಯಲ್ಲೇ ಕಾರ್ವೆಟ್ ಸ್ಪೋರ್ಟ್ಸ್ ಕಾರು ಸಂಪೂರ್ಣ ಹೊಸ ರೂಪ ಪಡೆದು 1963ರ ಸ್ಟಿಂಗ್ ರೇ ಆಗಿ ಬಂತು. 1962ರಲ್ಲಿ 14,531 ತಯಾರಾಗಿದ್ದ ಕಾರ್ವೆಟ್ 1963ರಲ್ಲಿ 21,513ಕ್ಕೆ ಏರಿತು. ಅಂದರೆ ಹೊಸ ರೂಪ ಬಂದರೆ ಮಾರಾಟ ಬೀಳಲೇಬೇಕು ಎಂಬ ನಿಯಮವೇನೂ ಇಲ್ಲ.

ತಂದೆ ಬಿಟ್ಟ ಕಂಪನಿಗೆ ಮಗ

1967ರಲ್ಲಿ ಜನರಲ್ ಮೋಟಾರ್ಸ್ ಅಧ್ಯಕ್ಷ ಸ್ಥಾನ ಖಾಲಿಯಾಯಿತು. ತಂದೆಯ ಆ ಹುದ್ದೆಗೆ ಬಂಕಿಯೂ ಆಕಾಂಕ್ಷಿ. ಆದರೆ ಅದು ಎಡ್ ಕೋಲ್ ಪಾಲಾಯಿತು. ಕೆಲವೇ ತಿಂಗಳಲ್ಲಿ ಬಂಕಿ ರಾಜೀನಾಮೆ ಕೊಟ್ಟರು. 1968ರ ಫೆಬ್ರವರಿಯಲ್ಲಿ ಎರಡನೇ ಹೆನ್ರಿ ಫೋರ್ಡ್ ಅವರನ್ನು ಫೋರ್ಡ್ ಕಂಪನಿಯ ಅಧ್ಯಕ್ಷರನ್ನಾಗಿ ಮಾಡಿದರು. ಫೋರ್ಡ್ ಬಿಟ್ಟು ಜನರಲ್ ಮೋಟಾರ್ಸಿಗೆ ಹೋದವರು ತಂದೆ, ಜನರಲ್ ಮೋಟಾರ್ಸ್ ಬಿಟ್ಟು ಫೋರ್ಡಿಗೆ ಬಂದವರು ಮಗ.

ಫೋರ್ಡ್ ಒಳಗೆ ಈ ನೇಮಕ ಎಲ್ಲರಿಗೂ ಇಷ್ಟವಾಗಲಿಲ್ಲ. ಮುಖ್ಯವಾಗಿ ಮಸ್ಟ್ಯಾಂಗ್ ಯಶಸ್ಸಿನ ಕೀರ್ತಿ ಹೊತ್ತಿದ್ದ ಲೀ ಅಯಕೋಕಾ ಆ ಹುದ್ದೆ ತಮಗೇ ಸಿಗಬೇಕೆಂದು ಬಯಸಿದ್ದರು. ಹತ್ತೊಂಬತ್ತು ತಿಂಗಳ ನಂತರ, 1969ರ ಸೆಪ್ಟೆಂಬರಿನಲ್ಲಿ, ಹೆನ್ರಿ ಫೋರ್ಡ್ ಬಂಕಿಯನ್ನು ಕೆಲಸದಿಂದ ತೆಗೆದರು. ಮರುವರ್ಷದ ಕೊನೆಯಲ್ಲಿ ಅಯಕೋಕಾ ಅಧ್ಯಕ್ಷರಾದರು.

ಆ ಹತ್ತೊಂಬತ್ತು ತಿಂಗಳಲ್ಲಿ ಬಂಕಿ ಮಸ್ಟ್ಯಾಂಗ್ ಮೇಲೆ ಕೈಯಾಡಿಸಿದ್ದು ನಿಜ. ಜನರಲ್ ಮೋಟಾರ್ಸಿನಿಂದ ವಿನ್ಯಾಸಕಾರ ಲ್ಯಾರಿ ಶಿನೋಡಾ ಅವರನ್ನು ಕರೆತಂದರು. ಬಾಸ್ 302ರಂಥ ಓಟದ ಮಾದರಿಗಳು ಹೊರಬಂದವು. 1971ರ ಮಾದರಿಯಾಗಿ ಬರಬೇಕಿದ್ದ ಇನ್ನೂ ದೊಡ್ಡ ಮಸ್ಟ್ಯಾಂಗಿನ ವಿನ್ಯಾಸಕ್ಕೆ ಒಪ್ಪಿಗೆ ಕೊಟ್ಟವರೂ ಅವರೇ. ಆ ಕಾರು ಷೋರೂಮಿಗೆ ಬಂದದ್ದು 1970ರಲ್ಲಿ, ಅವರು ಕೆಲಸ ಕಳೆದುಕೊಂಡು ಒಂದು ವರ್ಷವಾದ ಮೇಲೆ. ಅದರ ಮಾರಾಟ ಇಳಿಯಿತು. ಅಯಕೋಕಾ 1984ರ ತಮ್ಮ ಆತ್ಮಕಥೆಯಲ್ಲಿ ಕಾರು ದಪ್ಪವಾದ ತಪ್ಪನ್ನು ಬಂಕಿಯ ಮೇಲೆ ಹೊರಿಸಿದರು. ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಆಪಾದನೆ ನಿಂತುಬಿಟ್ಟಿತು.

ಅಂಕಿಗಳು ಏನು ಹೇಳುತ್ತವೆ?

ಮಸ್ಟ್ಯಾಂಗ್ ಮೊದಲು ಬಂದದ್ದು 1964ರ ಏಪ್ರಿಲ್ 17ರಂದು. ಉದ್ದನೆಯ ಬಾನೆಟ್, ಗಿಡ್ಡ ಹಿಂಭಾಗ, ಎರಡು ಬಾಗಿಲು, ನಾಲ್ಕು ಸೀಟು, ಬೆಲೆ 2,368 ಡಾಲರ್. ಒಳಗಿನ ಯಂತ್ರಭಾಗಗಳು ಬಹುಪಾಲು ಫೋರ್ಡಿನ ಸಾಧಾರಣ ಫಾಲ್ಕನ್ ಕಾರಿನವು. ನೋಟದಲ್ಲಿ ಸ್ಪೋರ್ಟ್ಸ್ ಕಾರು, ಬೆಲೆಯಲ್ಲಿ ಮಾಮೂಲಿ ಕಾರು. ಮೊದಲ ದಿನವೇ ಸುಮಾರು 22,000 ಮಂದಿ ಬುಕ್ ಮಾಡಿದರು. ಎರಡು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ಕಾರು ತಯಾರಾದವು.

ಈಗ ಮಾದರಿ ವರ್ಷವಾರು ತಯಾರಾದ ಮಸ್ಟ್ಯಾಂಗ್‌ಗಳ ಲೆಕ್ಕ ನೋಡಿ. ಅಮೆರಿಕದಲ್ಲಿ ಒಂದು ಮಾದರಿ ವರ್ಷ ಹಿಂದಿನ ವರ್ಷದ ಸೆಪ್ಟೆಂಬರ್ ಹೊತ್ತಿಗೇ ಶುರುವಾಗುತ್ತದೆ.

1965: 6.81 ಲಕ್ಷ (1964ರ ಏಪ್ರಿಲ್‌ನಿಂದ ಎಣಿಸಿದ್ದು)
1966: 6.08 ಲಕ್ಷ
1967: 4.72 ಲಕ್ಷ (ಮೊದಲ ಸಲ ಹೊಸ ರೂಪ)
1968: 3.17 ಲಕ್ಷ
1969: 3 ಲಕ್ಷ (ಎರಡನೇ ಸಲ ಹೊಸ ರೂಪ)
1970: ಸುಮಾರು 1.9 ಲಕ್ಷ
1971: 1.5 ಲಕ್ಷ (ಬಂಕಿ ಒಪ್ಪಿದ ದೊಡ್ಡ ಕಾರು)
1972: 1.25 ಲಕ್ಷ
1973: 1.35 ಲಕ್ಷ

1966ರಿಂದ 1972ರವರೆಗೆ ಒಟ್ಟು ಇಳಿಕೆ ಸುಮಾರು 4.8 ಲಕ್ಷ. ಇದರಲ್ಲಿ ನೂರಕ್ಕೆ ಸುಮಾರು 85 ಪಾಲು 1971ರ ಕಾರು ಬರುವ ಮೊದಲೇ ಆಗಿಹೋಗಿತ್ತು. ಬೆಟ್ಟದ ತುದಿಯಿಂದ ಉರುಳಿದ ಬಂಡೆ ಬಹುತೇಕ ಬುಡ ಮುಟ್ಟಿದಾಗ ಬಂದು ನಿಂತವರನ್ನು ತೋರಿಸಿ, ಬಂಡೆ ನೂಕಿದವರು ಇವರೇ ಎಂದಂತಾಯಿತು.

ಕಾರಿನ ಗಾತ್ರದ ಲೆಕ್ಕವೂ ಇದನ್ನೇ ಹೇಳುತ್ತದೆ. ಮೊದಲ ಮಸ್ಟ್ಯಾಂಗಿನ ಉದ್ದ ಸುಮಾರು 461 ಸೆಂ.ಮೀ. 1967ರಲ್ಲಿ 466, 1969ರಲ್ಲಿ 476, 1971ರಲ್ಲಿ 481. ಒಟ್ಟು 20 ಸೆಂ.ಮೀ. ಬೆಳವಣಿಗೆಯಲ್ಲಿ 15 ಸೆಂ.ಮೀ. ಬಂಕಿ ಒಪ್ಪಿಗೆ ಕೊಟ್ಟ ಕಾರಿಗಿಂತ ಮೊದಲಿನದು. ಕಾರೊಂದರ ರೂಪ ನಿರ್ಧಾರವಾಗಿ ಅದು ಕಾರ್ಖಾನೆಯಿಂದ ಹೊರಬರಲು ಆಗ ಎರಡು ಮೂರು ವರ್ಷ ಹಿಡಿಯುತ್ತಿತ್ತು. ಹಾಗಾಗಿ 1968ರ ಆಗಸ್ಟ್ ಹೊತ್ತಿಗೆ ಮಾರಾಟಕ್ಕೆ ಬಂದ 1969ರ ಮಾದರಿಯ ಆಕಾರ ಬಂಕಿ ಫೋರ್ಡ್ ಬಾಗಿಲು ದಾಟುವ ಮೊದಲೇ ಬಹುಪಾಲು ತೀರ್ಮಾನವಾಗಿತ್ತು. ದೊಡ್ಡ ಎಂಜಿನ್ ಕೂರಲಿ ಎಂದು 1967ರಲ್ಲಿ ಕಾರನ್ನು ಮೊದಲು ಅಗಲ ಮಾಡಿದ್ದು ಅಯಕೋಕಾ ಫೋರ್ಡಿನ ಕಾರು ವ್ಯವಹಾರದ ಮೇಲ್ಪಂಕ್ತಿಯಲ್ಲಿ ಇದ್ದಾಗಲೇ.

ಹಾಗಾದರೆ ಮಾರಾಟ ಇಳಿದದ್ದೇಕೆ?

ಮೊದಲ ಕಾರಣ, ಕಾದಿದ್ದವರು ಮುಗಿಯುವುದು. ಸ್ಪೋರ್ಟ್ಸ್ ಕಾರನ್ನು ಜನ ಅಗತ್ಯಕ್ಕೆ ಕೊಳ್ಳುವುದಕ್ಕಿಂತ ಆಸೆಗೆ ಕೊಳ್ಳುವುದೇ ಹೆಚ್ಚು. ಆಸೆಪಟ್ಟವರು ಬಂದ ಕೂಡಲೇ ಕೊಳ್ಳುತ್ತಾರೆ. ಅವರು ಮತ್ತೆ ಕಾರು ಬದಲಿಸುವುದು ಹಲವು ವರ್ಷಗಳ ನಂತರ. ಸಿನಿಮಾದ ಮೊದಲ ವಾರದ ಗಳಿಕೆ ಐದನೇ ವಾರ ಇರುವುದಿಲ್ಲವಲ್ಲ, ಹಾಗೆ. ಮಸ್ಟ್ಯಾಂಗಿನ ಮೊದಲ ಎರಡು ವರ್ಷದ ಅಂಕಿ ಅಂಥ ಮೊದಲ ವಾರದ ಅಂಕಿ. ಅದನ್ನೇ ಅಳತೆಗೋಲು ಮಾಡಿಕೊಂಡರೆ ಆಮೇಲೆ ಬಂದದ್ದೆಲ್ಲ ಸೋಲಾಗಿಯೇ ಕಾಣುತ್ತದೆ.

ಎರಡನೆಯದು, ಪ್ರತಿಸ್ಪರ್ಧಿಗಳು. ಎರಡು ವರ್ಷಕ್ಕೂ ಹೆಚ್ಚು ಕಾಲ ಮಸ್ಟ್ಯಾಂಗಿಗೆ ಸಮನಾದ ಎದುರಾಳಿಯೇ ಇರಲಿಲ್ಲ. 1967ರ ಮಾದರಿ ವರ್ಷದಲ್ಲಿ ಷೆವರ್ಲೆ ಕಮಾರೊ ಸುಮಾರು 2.21 ಲಕ್ಷ, ಪಾಂಟಿಯಾಕ್ ಫೈರ್‌ಬರ್ಡ್ ಸುಮಾರು 83 ಸಾವಿರ, ಫೋರ್ಡ್ ಕಂಪನಿಯದೇ ಆದ ಮರ್ಕ್ಯುರಿ ಕೂಗರ್ ಸುಮಾರು 1.51 ಲಕ್ಷ ತಯಾರಾದವು. ಮಸ್ಟ್ಯಾಂಗನ್ನೂ ಸೇರಿಸಿದರೆ 9 ಲಕ್ಷ ದಾಟುತ್ತದೆ. ಅಂದರೆ ಆ ವರ್ಷ ಇಂಥ ಕಾರುಗಳ ಮೇಲಿನ ಆಸೆ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ರೊಟ್ಟಿ ದೊಡ್ಡದಾಗಿತ್ತು, ಹಂಚಿಕೊಳ್ಳುವವರೂ ಹೆಚ್ಚಾಗಿದ್ದರು. ಸಾಲದ್ದಕ್ಕೆ 1967ರ ಸೆಪ್ಟೆಂಬರಿನಲ್ಲಿ ಶುರುವಾದ ಕಾರ್ಮಿಕರ ಮುಷ್ಕರದಿಂದ ಫೋರ್ಡ್ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚಿದ್ದವು. 1968ರ ಲೆಕ್ಕಕ್ಕೆ ಅದೂ ಪೆಟ್ಟು ಕೊಟ್ಟಿತು.

ಮೂರನೆಯದು, ಮನೆಯೊಳಗಿನ ಪೈಪೋಟಿ. ಮಸ್ಟ್ಯಾಂಗ್ ಬಂದು ಸರಿಯಾಗಿ ಐದು ವರ್ಷಕ್ಕೆ, 1969ರ ಏಪ್ರಿಲ್ 17ರಂದು, ಫೋರ್ಡ್ ಕಂಪನಿಯೇ ಮೇವರಿಕ್ ಎಂಬ ಪುಟ್ಟ ಕಾರನ್ನು 1,995 ಡಾಲರಿಗೆ ಬಿಟ್ಟಿತು. ಉದ್ದನೆಯ ಮೊದಲ ಮಾದರಿ ವರ್ಷದಲ್ಲಿ ಸುಮಾರು 5.8 ಲಕ್ಷ ಮೇವರಿಕ್ ತಯಾರಾದವು. ಕಡಿಮೆ ಬೆಲೆಗೆ ಅಂದದ ಎರಡು ಬಾಗಿಲಿನ ಕಾರು ಬೇಕು ಎಂದು ಮೊದಲು ಮಸ್ಟ್ಯಾಂಗ್ ಕೊಳ್ಳುತ್ತಿದ್ದವರಿಗೆ ಅದೇ ಷೋರೂಮಿನಲ್ಲಿ ಇನ್ನೂ ಅಗ್ಗದ ಆಯ್ಕೆ ಸಿಕ್ಕಿತು.

ನಾಲ್ಕನೆಯದು, ಕಾರಿನ ಬೆಲೆಯ ಪಟ್ಟಿಯಲ್ಲಿ ಕಾಣದ ಖರ್ಚು. ಬಲಿಷ್ಠ ಎಂಜಿನ್ ಕಾರು ಓಡಿಸುವ ಯುವಕರ ಅಪಘಾತಗಳು ಹೆಚ್ಚಾದಂತೆ ವಿಮಾ ಕಂಪನಿಗಳು 1970ರ ಆಸುಪಾಸಿನಲ್ಲಿ ಅಂಥವರ ಪ್ರೀಮಿಯಂ ಏರಿಸಿದವು. ಕಾರಿನ ಕಂತು ಕಟ್ಟಬಲ್ಲ ಹುಡುಗನಿಗೆ ವಿಮೆ ಕಟ್ಟಲು ಕಷ್ಟವಾಯಿತು. 1970ರಲ್ಲೇ ಅಮೆರಿಕದಲ್ಲಿ ಆರ್ಥಿಕ ಹಿಂಜರಿತವೂ ಇತ್ತು. ಅದೇ ವರ್ಷದ ಶುದ್ಧ ಗಾಳಿ ಕಾಯ್ದೆ ಹೊಗೆಯ ಮೇಲೆ ಕಟ್ಟುನಿಟ್ಟಿನ ಮಿತಿ ಹೇರಿತು. ಕಂಪನಿಗಳು ಎಂಜಿನ್‌ಗಳ ಬಲವನ್ನು ತಗ್ಗಿಸುತ್ತ ಬಂದವು. ಶಕ್ತಿಯನ್ನೇ ಮಾರುತ್ತಿದ್ದ ಕಾರುಗಳಲ್ಲಿ ಶಕ್ತಿಯೇ ಕಡಿಮೆಯಾಯಿತು.

ಈ ಕಾರಣಗಳು ಎಲ್ಲ ಕಂಪನಿಗಳನ್ನೂ ತಟ್ಟಿದವು. 1970ರಲ್ಲಿ ಕಮಾರೊ ಕೂಡ ಹೊಸ ರೂಪ ಪಡೆಯಿತು. ಅದರ ಅಂದವನ್ನು ಇವತ್ತಿಗೂ ಹೊಗಳುತ್ತಾರೆ. ಆದರೂ 1971ರಲ್ಲಿ ಸಿಕ್ಕ ಲೆಕ್ಕ ಸುಮಾರು 1.15 ಲಕ್ಷ, ಅಂದರೆ 1967ರ ಅರ್ಧದಷ್ಟು. ಕ್ರೈಸ್ಲರ್ ಕಂಪನಿಯ ಪ್ಲಿಮತ್ ಬ್ಯಾರಕೂಡಾ 1970ರಲ್ಲಿ ಹೊಸ ರೂಪ ಪಡೆದು, ಮರುವರ್ಷವೇ 20 ಸಾವಿರಕ್ಕಿಂತ ಕೆಳಗಿಳಿದು, 1974ರಲ್ಲಿ ನಿಂತೇಹೋಯಿತು. ಅಂದದ ಕಾರೂ ಬಿದ್ದಿತು, ಟೀಕೆಗೊಳಗಾದ ಕಾರೂ ಬಿದ್ದಿತು.

ಬಂಕಿಯ ತಪ್ಪೇ ಇಲ್ಲವೇ?

ಇದೆ. ಆದರೆ ಅದರ ಅಳತೆ ಬೇರೆ. ಒಂದು ಒರಟು ಲೆಕ್ಕ ಹಾಕೋಣ. 1967ರಿಂದ 1971ಕ್ಕೆ ಕಮಾರೊ, ಫೈರ್‌ಬರ್ಡ್, ಕೂಗರ್ ಮೂರೂ ಸೇರಿ ಸುಮಾರು ಅರ್ಧಕ್ಕೆ ಇಳಿದವು. ಮಸ್ಟ್ಯಾಂಗ್ ಮೂರನೇ ಒಂದು ಭಾಗಕ್ಕೆ ಇಳಿಯಿತು. ಮಸ್ಟ್ಯಾಂಗ್ ಕೂಡ ಉಳಿದವುಗಳಂತೆ ಅರ್ಧಕ್ಕಷ್ಟೇ ಇಳಿದಿದ್ದರೆ 1971ರಲ್ಲಿ ಸುಮಾರು 2.4 ಲಕ್ಷ ಇರಬೇಕಿತ್ತು, ಇದ್ದದ್ದು 1.5 ಲಕ್ಷ. ಅಂದರೆ 3.2 ಲಕ್ಷದ ಇಳಿಕೆಯಲ್ಲಿ ಮುಕ್ಕಾಲು ಭಾಗ ಎಲ್ಲರಿಗೂ ಬಂದ ಕಷ್ಟ. ಉಳಿದ ಕಾಲು ಭಾಗ ಮಸ್ಟ್ಯಾಂಗಿನ ಸ್ವಂತದ್ದು. 1970ರ ಕೊನೆಯಲ್ಲಿ ಜನರಲ್ ಮೋಟಾರ್ಸ್‌ನಲ್ಲಿ ದೊಡ್ಡ ಮುಷ್ಕರ ನಡೆಯದಿದ್ದರೆ ಕಮಾರೊ, ಫೈರ್‌ಬರ್ಡ್ ಲೆಕ್ಕ ಇನ್ನಷ್ಟು ಮೇಲಿರುತ್ತಿತ್ತು, ಆಗ ಈ ಕಾಲು ಭಾಗವೂ ತುಸು ದೊಡ್ಡದಾಗುತ್ತಿತ್ತು. ಇನ್ನೊಂದು ಕಡೆ, ಅದೇ ಪಾಲಿನೊಳಗೆ ಮೇವರಿಕ್ ಕಿತ್ತುಕೊಂಡ ಗಿರಾಕಿಗಳೂ ಇದ್ದಾರೆ.

1971ರ ಕಾರಿನ ಕೊರತೆಗಳು ನಿಜವಾದವೇ. ಅಗಲ ಸುಮಾರು 188 ಸೆಂ.ಮೀ. ಆಯಿತು, ಮೊದಲ ಮಸ್ಟ್ಯಾಂಗಿಗಿಂತ 15 ಸೆಂ.ಮೀ. ಹೆಚ್ಚು. ತೂಕ 200 ಕಿಲೋಗೂ ಮಿಗಿಲಾಗಿ ಏರಿತ್ತು. ಇಳಿಜಾರು ಚಾವಣಿಯ ಮಾದರಿಯಲ್ಲಿ ಹಿಂದಿನ ಗಾಜು ನೆಲಕ್ಕೆ ಬರೀ 14 ಡಿಗ್ರಿ ಕೋನದಲ್ಲಿ ಮಲಗಿದಂತಿತ್ತು. ಹಿಂದೆ ಬರುವ ವಾಹನ ಸರಿಯಾಗಿ ಕಾಣುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ಮುಖ್ಯ ಕಾರಣ 7 ಲೀಟರ್ ಎಂಜಿನ್‌ಗೆ ಜಾಗ ಮಾಡುವುದು. ಕಾರು ಮಾರುಕಟ್ಟೆಗೆ ಬರುವ ಹೊತ್ತಿಗೆ ಅಂಥ ಎಂಜಿನ್ ಕೊಳ್ಳುವವರೇ ವಿರಳವಾಗುತ್ತಿದ್ದರು.

ಇಲ್ಲಿ ನಮಗೆ ಬಂಕಿಯ ಹಳೆಯ ನಂಬಿಕೆ ನೆನಪಾಗುತ್ತದೆ. ಅಗಲವಾದ, ಬಲವಾದ, ಓಟದಲ್ಲಿ ಗೆಲ್ಲುವ ಕಾರು ಮಾಡಿದರೆ ಯುವಕರು ಬರುತ್ತಾರೆ ಎಂಬುದು 1959ರಲ್ಲಿ ಪಾಂಟಿಯಾಕ್‌ಗೆ ಸರಿಹೋಗಿತ್ತು. ಹತ್ತು ವರ್ಷದ ನಂತರ ಅವರು ಅದೇ ಮದ್ದನ್ನು ಇನ್ನೊಂದು ರೋಗಕ್ಕೆ ಕೊಟ್ಟರು. ಯುವಕರ ಮನಸ್ಸು ಬದಲಾಗಿತ್ತೋ ಇಲ್ಲವೋ, ಅವರ ಜೇಬಿಗೆ ಬಿದ್ದ ಹೊರೆಯಂತೂ ಬದಲಾಗಿತ್ತು. 1968ರಲ್ಲಿ ಕೂತು 1971ನ್ನು ಊಹಿಸಬೇಕಾದ ಕೆಲಸದಲ್ಲಿ ಅವರ ಊಹೆ ತಪ್ಪಿತು.

ಹೊಗಳಿಕೆಗೂ ಇದೇ ತಕ್ಕಡಿ

ಅಯಕೋಕಾ 1974ರ ಮಾದರಿಗೆ ಮಸ್ಟ್ಯಾಂಗನ್ನು ಮತ್ತೆ ಪುಟ್ಟದಾಗಿ ಮಾಡಿಸಿದರು. ಮಸ್ಟ್ಯಾಂಗ್ 2 ಎಂಬ ಈ ಕಾರು ಅಗ್ಗದ ಪಿಂಟೊ ಕಾರಿನ ಹಲವು ಭಾಗಗಳನ್ನು ಬಳಸಿತ್ತು. ಅದು ಬಂದ ಕೆಲವೇ ವಾರಗಳಲ್ಲಿ, 1973ರ ಅಕ್ಟೋಬರಿನಲ್ಲಿ, ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಕಡಿಮೆ ಪೆಟ್ರೋಲ್ ಕುಡಿಯುವ ಕಾರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಆ ವರ್ಷ 3.86 ಲಕ್ಷ ತಯಾರಾದವು. ಮರುವರ್ಷ ಹೆಚ್ಚುಕಡಿಮೆ ಅದೇ ಕಾರು, ಲೆಕ್ಕ 1.89 ಲಕ್ಷ. ಅರ್ಧಕ್ಕೂ ಕಡಿಮೆ! ರೂಪವೇ ಎಲ್ಲವನ್ನೂ ತೀರ್ಮಾನಿಸುವುದಾಗಿದ್ದರೆ ಒಂದೇ ರೂಪಕ್ಕೆ ಇಷ್ಟು ಬೇರೆಬೇರೆ ಫಲಿತಾಂಶ ಹೇಗೆ ಬರುತ್ತಿತ್ತು? ಬಂಕಿಯ ದೊಡ್ಡ ಕಾರು ಕೂಡ, ಮೈಕಟ್ಟು ಬದಲಾಗದೆಯೇ, 1973ರಲ್ಲಿ ಹಿಂದಿನ ವರ್ಷಕ್ಕಿಂತ ಸುಮಾರು ಹತ್ತು ಸಾವಿರ ಹೆಚ್ಚು ತಯಾರಾಗಿತ್ತು.

ಫೋರ್ಡ್ ಬಿಟ್ಟ ಮೇಲೆ ಬಂಕಿ ಶಿನೋಡಾ ಜೊತೆ ಸೇರಿ ಮೋಟಾರ್ ಹೋಮ್ ತಯಾರಿಸುವ ಕಂಪನಿ ಕಟ್ಟಿದರು. 1971ರಲ್ಲಿ ಲಾರಿ ತಯಾರಿಸುವ ವೈಟ್ ಮೋಟಾರ್ ಕಂಪನಿಯ ಮುಖ್ಯಸ್ಥರಾಗಿ, 1980ರವರೆಗೆ ಅಲ್ಲಿ ದುಡಿದರು. 1998ರ ಜುಲೈನಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಾಲದ ಬಾಸ್ ಮಸ್ಟ್ಯಾಂಗ್‌ಗಳನ್ನು ಸಂಗ್ರಾಹಕರು ಇಂದು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ.

ಮುಂದೆ ಯಾವುದಾದರೂ ಕಾರಿನ ಹೊಸ ರೂಪ ಸೋತಿತು ಎಂಬ ಸುದ್ದಿ ನೋಡಿದಾಗ ನೀವು ಮೂರು ಪ್ರಶ್ನೆ ಕೇಳಬಹುದು. ಇಳಿಕೆ ಶುರುವಾದದ್ದು ಹೊಸ ರೂಪ ಬಂದ ಮೇಲೋ, ಮೊದಲೋ? ಅದೇ ಬಗೆಯ ಉಳಿದ ಕಾರುಗಳೂ ಇಳಿದಿವೆಯೇ? ಹೋಲಿಸುತ್ತಿರುವುದು ಮಾಮೂಲಿ ವರ್ಷದ ಜೊತೆಗೋ, ಜನ ಮುಗಿಬಿದ್ದ ಮೊದಲ ವರ್ಷದ ಜೊತೆಗೋ? ಬಂಕಿ ಕ್ನೂಡ್ಸನ್ ವಿಷಯದಲ್ಲಿ ಈ ಮೂರನ್ನು ಕೇಳಿದರೆ ಅವರು ಪೂರ್ತಿ ನಿರಪರಾಧಿ ಎಂದೇನೂ ಆಗುವುದಿಲ್ಲ. ಆದರೆ ನಾಲ್ಕಾಣೆ ತಪ್ಪಿಗೆ ಹದಿನಾರಾಣೆ ದಂಡ ಕಟ್ಟಿದರು ಎಂಬುದು ಮಾತ್ರ ಗೊತ್ತಾಗುತ್ತದೆ.